ಒಂಟಿ ಕೋಲಿನ ಹಿಮಗುರು ಮಥಿಯಾಸ್ ಝ್ಡಾರ್ಸ್ಕಿ

ಚಳಿಗಾಲದ ವಾರಾಂತ್ಯಗಳಲ್ಲಿ ಆಲ್ಪ್ಸ್ ಪರ್ವತಶ್ರೇಣಿಯ ಹಳ್ಳಿಗಳಲ್ಲಿ ವಿಶಿಷ್ಟ ಬಗೆಯ ಶಿಬಿರಗಳು ನಡೆಯುತ್ತವೆ. ಯಂತ್ರಗಳಿಂದ ಹದಗೊಳಿಸಿದ ಇಳಿಜಾರುಗಳನ್ನು ಬಿಟ್ಟು, ಯಾರೂ ತುಳಿಯದ ಹೊಸ ಹಿಮದ ಮೇಲೆ ಸ್ಕೀ ಹಲಗೆ ಕಟ್ಟಿಕೊಂಡು ಇಳಿಯುವ ಉತ್ಸಾಹಿಗಳು ಅಲ್ಲಿ ನೆರೆಯುತ್ತಾರೆ. ಈ ಕ್ರೀಡೆಗೆ ಫ್ರೀರೈಡ್ ಎಂದು ಹೆಸರು. ಎರಡು ದಿನಗಳ ಕೂಟದಲ್ಲಿ ಸ್ಪರ್ಧೆಯೂ ಉಂಟು, ಪಾಠವೂ ಉಂಟು. ಪಾಠವೇ ಮೊದಲು. ಪ್ರತಿಯೊಬ್ಬರೂ ಎದೆಗೆ ಪುಟ್ಟ ರೇಡಿಯೋ ಯಂತ್ರವೊಂದನ್ನು ಬಿಗಿದುಕೊಳ್ಳುತ್ತಾರೆ. ಹಿಮದಡಿ ಹೂತಿಟ್ಟ ಇನ್ನೊಂದು ಯಂತ್ರದ ಸಂಕೇತವನ್ನು ಹುಡುಕುತ್ತಾರೆ, ಉದ್ದನೆಯ ಕಡ್ಡಿಯಿಂದ ಚುಚ್ಚಿ ನೋಡುತ್ತಾರೆ, ಸಲಿಕೆಯಿಂದ ಅಗೆಯುತ್ತಾರೆ. ಹಿಮಕುಸಿತದಲ್ಲಿ ಸಿಲುಕಿದವನನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಆತ ಬದುಕುವ ಸಂಭವ ಹೆಚ್ಚು, ಅರ್ಧ ಗಂಟೆ ಕಳೆದರೆ ಬಹಳ ಕಡಿಮೆ. ಆದ್ದರಿಂದ ಗಡಿಯಾರ ಹಿಡಿದೇ ಅಭ್ಯಾಸ. ಆ ಬಳಿಕವಷ್ಟೇ ಶಿಖರ, ಇಳಿಜಾರು ಮತ್ತು ಸ್ಪರ್ಧೆ.

ಕಡಿದಾದ ಪರ್ವತದ ಇಳಿತ, ಸ್ಪರ್ಧೆ ಮತ್ತು ಹಿಮಕುಸಿತದ ಅರಿವು ಎಂಬ ಈ ಮೂರನ್ನೂ ನೂರು ವರ್ಷಗಳ ಹಿಂದೆಯೇ ಒಬ್ಬ ವ್ಯಕ್ತಿ ತನ್ನ ಬದುಕಿನಲ್ಲಿ ಕಂಡುಂಡಿದ್ದರು. ಅವರೇ ಮಥಿಯಾಸ್ ಝ್ಡಾರ್ಸ್ಕಿ. ಶಾಲಾ ಶಿಕ್ಷಕರಾಗಿ, ಚಿತ್ರಕಾರರಾಗಿ, ಶಿಲ್ಪಿಯಾಗಿ, ಕೊನೆಗೆ ಏಕಾಂತವಾಸಿಯಾಗಿ ಬಾಳಿದ ಈ ಹಟವಾದಿಯನ್ನು ಆಲ್ಪೈನ್ ಸ್ಕೀಯಿಂಗ್‌ನ ಪಿತಾಮಹ ಎಂದು ಆಸ್ಟ್ರಿಯಾ ಇಂದಿಗೂ ಗೌರವಿಸುತ್ತದೆ. ಹಾಗೆ ಒಪ್ಪದವರೂ ಇದ್ದಾರೆ. ಅವರ ಜೀವಿತಕಾಲದಲ್ಲಂತೂ ಒಪ್ಪದವರೇ ಹೆಚ್ಚಾಗಿದ್ದರು.

ಊರು ಬಿಟ್ಟು ಬೆಟ್ಟಕ್ಕೆ

ಝ್ಡಾರ್ಸ್ಕಿ ಜನಿಸಿದ್ದು 1856ರ ಫೆಬ್ರವರಿ 25ರಂದು, ಮೊರಾವಿಯಾ ಪ್ರಾಂತ್ಯದ ತ್ರೆಬಿಚ್ ಪಟ್ಟಣದ ಸಮೀಪವಿರುವ ಕೊಝಿಖೊವಿತ್ಸೆ ಎಂಬ ಹಳ್ಳಿಯಲ್ಲಿ. ಇಂದು ಅದು ಝೆಕ್ ಗಣರಾಜ್ಯಕ್ಕೆ ಸೇರಿದೆ, ಅಂದು ಆಸ್ಟ್ರಿಯಾ ಸಾಮ್ರಾಜ್ಯದ ಭಾಗವಾಗಿತ್ತು. ಶಿಕ್ಷಕರ ತರಬೇತಿ ಪಡೆದು ಕೆಲಕಾಲ ಪಾಠ ಹೇಳಿದರು. ಆದರೆ ಮನಸ್ಸು ಒಂದೆಡೆ ನಿಲ್ಲಲಿಲ್ಲ. ಮ್ಯೂನಿಕ್‌ನಲ್ಲಿ ಕಲಾಭ್ಯಾಸ ಮಾಡಿದರು, ಜ್ಯೂರಿಕ್‌ನಲ್ಲಿ ತಾಂತ್ರಿಕ ವಿಷಯಗಳನ್ನು ಅಭ್ಯಸಿಸಿದರು, ದೇಶ ಸುತ್ತಿದರು. ಕಲಾವಿದನ ಕಣ್ಣು ಮತ್ತು ಯಂತ್ರಜ್ಞನ ಕೈ ಎರಡೂ ಅವರಿಗೆ ಒದಗಿದ್ದು ಹೀಗೆ. ಮುಂದೆ ಈ ಎರಡೂ ಉಪಯೋಗಕ್ಕೆ ಬಂದವು.

1889ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ಅವರು ಎಲ್ಲವನ್ನೂ ಬಿಟ್ಟು ವಿಯೆನ್ನಾದ ನೈಋತ್ಯಕ್ಕಿರುವ ಲಿಲಿಯನ್‌ಫೆಲ್ಡ್ ಬಳಿಯ ಹಾಬರ್ನ್‌ರೈಟ್ ಎಂಬ ತೋಟದ ಮನೆಯಲ್ಲಿ ನೆಲೆಸಿದರು. ಲಿಲಿಯನ್‌ಫೆಲ್ಡ್ ಎಂದರೆ 1202ರಲ್ಲಿ ಸ್ಥಾಪನೆಯಾದ ಸಿಸ್ಟರ್ಷಿಯನ್ ಪಂಥದ ಮಠದಿಂದ ಹೆಸರಾದ ಸಣ್ಣ ಊರು. ಸುತ್ತಲೂ ಕಾಡು, ಬೆಟ್ಟ. ಬರೆಯುವುದು, ಚಿತ್ರ ಬಿಡಿಸುವುದು, ತನ್ನ ಪಾಡಿಗೆ ತಾನು ಬದುಕುವುದು ಇಷ್ಟೇ ಅವರ ಇರಾದೆ. ಚಳಿಗಾಲದಲ್ಲಿ ಆ ತೋಟಕ್ಕೆ ದಾರಿಯೇ ಇಲ್ಲದಂತಾಗುತ್ತಿತ್ತು, ಮೊಣಕಾಲುದ್ದ ಹಿಮ ಬಿದ್ದು ಮನೆಯೇ ಸೆರೆಮನೆಯಾಗುತ್ತಿತ್ತು.

ಆ ಹೊತ್ತಿನಲ್ಲಿ ಅವರ ಕೈಗೆ ಸಿಕ್ಕಿದ್ದು ನಾರ್ವೆಯ ಸಾಹಸಿ ಫ್ರಿಟ್ಯೋಫ್ ನಾನ್ಸೆನ್ ಅವರ ಕೃತಿ. 1888ರಲ್ಲಿ ನಾನ್ಸೆನ್ ಮತ್ತು ಐವರು ಸಂಗಡಿಗರು ಸ್ಕೀ ಹಲಗೆಗಳ ಮೇಲೆ ಗ್ರೀನ್‌ಲ್ಯಾಂಡ್‌ನ ಹಿಮಪ್ರಸ್ಥಭೂಮಿಯನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದ್ದರು. ಆ ಪ್ರವಾಸದ ಕಥನ ಯುರೋಪಿನಾದ್ಯಂತ ಸಂಚಲನ ಹುಟ್ಟಿಸಿತ್ತು. ಅದನ್ನು ಓದಿದ ಸಾವಿರಾರು ಮಂದಿಯಂತೆ ಝ್ಡಾರ್ಸ್ಕಿಯೂ ನಾರ್ವೆಯಿಂದ ಒಂದು ಜೊತೆ ಹಲಗೆ ತರಿಸಿಕೊಂಡರು. ಅವು ಸುಮಾರು 3 ಮೀಟರ್ ಉದ್ದವಿದ್ದವು. ಕಟ್ಟಿಕೊಂಡು ಮನೆಯ ಹಿಂದಿನ ಇಳಿಜಾರಿಗೆ ನಡೆದರು. ಅಲ್ಲಿಂದ ಆರಂಭವಾದದ್ದು ಬೀಳುವ ಕೆಲಸ.

ಆರು ವರ್ಷಗಳ ತಪಸ್ಸು

ಅವರ ತೊಡಕು ಏನೆಂಬುದನ್ನು ಕೊಂಚ ವಿವರಿಸಬೇಕು. ನಾರ್ವೆಯ ಹಲಗೆಗಳು ಅಲ್ಲಿನ ತೆರೆದ, ಮಂದವಾದ ಇಳಿಜಾರುಗಳಿಗೆ ಹೇಳಿ ಮಾಡಿಸಿದಂಥವು. ಉದ್ದವಾದ್ದರಿಂದ ನೇರ ಓಟಕ್ಕೆ ಅನುಕೂಲ, ಆದರೆ ತಿರುಗಿಸುವುದು ಕಷ್ಟ. ಪಾದವನ್ನು ಹಲಗೆಗೆ ಬಿಗಿಯುತ್ತಿದ್ದುದು ಬೆತ್ತದ ಬಳೆ ಅಥವಾ ಚರ್ಮದ ಪಟ್ಟಿ. ಹಿಮ್ಮಡಿ ಮೇಲೇಳುವುದರ ಜೊತೆಗೆ ಪಾದ ಅತ್ತಿತ್ತ ಜಾರುತ್ತಲೂ ಇತ್ತು. ಆಲ್ಪ್ಸ್‌ನ ಕಾಡುಗಳ ನಡುವಿನ ಕಿರಿದಾದ, ಕಡಿದಾದ ಇಳಿಜಾರಿನಲ್ಲಿ ಕ್ಷಣಮಾತ್ರದಲ್ಲಿ ದಿಕ್ಕು ಬದಲಿಸಬೇಕು. ಕಾಲು ಹೇಳಿದ್ದನ್ನು ಹಲಗೆ ಕೇಳದಿದ್ದರೆ ಮುಂದಿನ ಮರಕ್ಕೆ ಅಪ್ಪಳಿಸುವುದೇ ಗತಿ.

ಝ್ಡಾರ್ಸ್ಕಿಗೆ ಗುರುವಿರಲಿಲ್ಲ. ಬೇರೆಯವರು ಸ್ಕೀ ಆಡುವುದನ್ನು ಅವರು ನೋಡಿಯೂ ಇರಲಿಲ್ಲ. ಬಹುಶಃ ಅದೇ ಒಳಿತಾಯಿತು, ಅನುಕರಿಸಲು ಯಾರೂ ಇಲ್ಲದ್ದರಿಂದ ಪ್ರತಿಯೊಂದನ್ನೂ ಮೂಲದಿಂದ ಯೋಚಿಸಬೇಕಾಯಿತು. ಹಲಗೆಯನ್ನು ಸುಮಾರು 180 ಸೆಂಟಿಮೀಟರಿಗೆ ಮೊಟಕುಗೊಳಿಸಿದರು. ಅಡಿಭಾಗದಲ್ಲಿ ನೇರ ಓಟಕ್ಕೆಂದು ಕೊರೆಯುತ್ತಿದ್ದ ಗಾಡಿಯನ್ನು ಕೈಬಿಟ್ಟರು. ಪಾದವನ್ನು ಬಿಗಿಯಲು ಒಂದಾದ ಮೇಲೊಂದರಂತೆ ಸುಮಾರು 200 ಬಗೆಯ ಬೈಂಡಿಂಗ್‌ಗಳನ್ನು ಮಾಡಿ, ಮುರಿದು, ಮತ್ತೆ ಮಾಡಿದರು. ಕೊನೆಗೆ ನಿಂತದ್ದು ಉಕ್ಕಿನ ಅಡಿಪಟ್ಟಿಯ ವಿನ್ಯಾಸ. ಹಿಮ್ಮಡಿ ಎದ್ದು ಇಳಿಯಬಹುದು, ಆದರೆ ಪಾದ ಪಕ್ಕಕ್ಕೆ ಕದಲದು. ಇಂದಿನ ಎಲ್ಲ ಆಲ್ಪೈನ್ ಬೈಂಡಿಂಗ್‌ಗಳ ಹಿಂದೆ ಇರುವುದು ಇದೇ ಚಿಂತನೆ. ಸ್ಕೀಯನ್ನು ಪಾದದ ಮುಂದುವರಿಕೆಯಾಗಿ ಮಾಡಬೇಕು ಎಂಬುದೇ ಅದರ ತಿರುಳು.

ಉಪಕರಣ ಸಿದ್ಧವಾದ ಮೇಲೆ ತಂತ್ರ. ಒಂದು ಹಲಗೆಯ ಹಿಂತುದಿಯನ್ನು ಹೊರಕ್ಕೆ ಒತ್ತಿ ಎರಡೂ ಹಲಗೆಗಳನ್ನು ಕೋನಾಕಾರಕ್ಕೆ ತಂದು, ದೇಹದ ಭಾರವನ್ನು ಬದಲಿಸುತ್ತ ತಿರುಗುವ ಕ್ರಮವನ್ನು ಅವರು ರೂಪಿಸಿದರು. ವೇಗ ಕಡಿಮೆಯಾಗುತ್ತಿತ್ತು, ಹಿಡಿತ ತಪ್ಪುತ್ತಿರಲಿಲ್ಲ. ಕೈಯಲ್ಲಿ ಎರಡು ಕೋಲುಗಳ ಬದಲು ಉದ್ದನೆಯ ಒಂದೇ ಕೋಲು. ಈ ಒಂಟಿ ಕೋಲು ಅವರ ಗುರುತೇ ಆಯಿತು, ಅವರ ಮೇಲಿನ ಟೀಕೆಗೂ ಅದೇ ಮೂಲವಾಯಿತು. ಕೋಲಿನ ಮೇಲೆ ಭಾರ ಹಾಕಿ ಕುಳಿತುಕೊಂಡು ಇಳಿಯುವವರೆಂದು ವಿರೋಧಿಗಳು ಲೇವಡಿ ಮಾಡಿದರು. ಸಮತೋಲಕ್ಕಷ್ಟೇ ಕೋಲು, ಊರಿಕೊಳ್ಳುವುದಕ್ಕಲ್ಲ ಎಂದು ಝ್ಡಾರ್ಸ್ಕಿ ಶಿಷ್ಯರಿಗೆ ಮತ್ತೆ ಮತ್ತೆ ಬೋಧಿಸಬೇಕಾಯಿತು. ಶಿಷ್ಯರೆಲ್ಲರೂ ಕೇಳಿದರೆನ್ನುವಂತಿಲ್ಲ.

ಆರು ವರ್ಷಗಳ ಈ ಪ್ರಯೋಗದ ಫಲವಾಗಿ 1896ರಲ್ಲಿ ಅವರ ಗ್ರಂಥ ಹೊರಬಂತು. ಲಿಲಿಯನ್‌ಫೆಲ್ಡ್ ಪದ್ಧತಿಯ ಸ್ಕೀ ತಂತ್ರವನ್ನು ವಿವರಿಸುವ ಆ ಪುಸ್ತಕ ಆಲ್ಪೈನ್ ಸ್ಕೀಯಿಂಗ್‌ನ ಮೊದಲ ವ್ಯವಸ್ಥಿತ ಪಠ್ಯವೆಂದು ಪರಿಗಣಿತವಾಗಿದೆ. ಪರಿಷ್ಕೃತಗೊಳ್ಳುತ್ತ ಅದು ಹಲವು ಮುದ್ರಣಗಳನ್ನು ಕಂಡಿತು.

ಭಾನುವಾರದ ಪಾಠಶಾಲೆ

ಏಕಾಂತ ಬಯಸಿ ಬೆಟ್ಟ ಸೇರಿದವರ ಬಳಿಗೆ ಊರೇ ಹೊರಟು ಬಂತು. 1900ರಲ್ಲಿ ಝ್ಡಾರ್ಸ್ಕಿ ಮತ್ತು ಸಂಗಡಿಗರು ಆಲ್ಪೈನ್ ಸ್ಕೀ ಸಂಘವನ್ನು ಕಟ್ಟಿದರು. ಚಳಿಗಾಲದ ಭಾನುವಾರಗಳಂದು ವಿಯೆನ್ನಾದಿಂದ ರೈಲಿನಲ್ಲಿ ಬರುತ್ತಿದ್ದ ವಿದ್ಯಾರ್ಥಿಗಳು, ಗುಮಾಸ್ತರು, ವೈದ್ಯರು, ಸೈನ್ಯಾಧಿಕಾರಿಗಳು, ಹೆಂಗಸರು ಸಾಲಾಗಿ ನಿಂತು ಅವರ ಆಜ್ಞೆಗಳನ್ನು ಪಾಲಿಸುತ್ತಿದ್ದರು. ಶುಲ್ಕವಿಲ್ಲ. ಆದರೆ ಶಿಸ್ತು ಮಾತ್ರ ಸೈನ್ಯದ್ದು. ಗುರುವಿನ ಅಪ್ಪಣೆಯಿಲ್ಲದೆ ಇಳಿಜಾರಿಗೆ ಧುಮುಕಿದವನಿಗೆ ಕ್ಷಮೆಯಿರಲಿಲ್ಲ. ತಮ್ಮ ಜೀವಮಾನದಲ್ಲಿ ಅವರು ಸುಮಾರು 20,000 ಮಂದಿಗೆ ಕಲಿಸಿದರೆಂದು ಹೇಳಲಾಗುತ್ತದೆ. ಅದಕ್ಕಿಂತ ಅವರು ಹೆಚ್ಚು ಹೆಮ್ಮೆಪಟ್ಟದ್ದು ತಮ್ಮ ಶಿಬಿರಗಳಲ್ಲಿ ಗಂಭೀರ ಅಪಘಾತಗಳು ಆಗದಿದ್ದುದಕ್ಕೆ.

ವೇಗವೇ ಸ್ಕೀಯಿಂಗ್‌ನ ಪರಮಗುರಿ ಎಂಬುದನ್ನು ಅವರು ಎಂದೂ ಒಪ್ಪಲಿಲ್ಲ. ಬಿದ್ದು ಎದ್ದು ಮೊದಲು ತಲುಪಿದವನಿಗಿಂತ, ಬೀಳದೆ ಹಿಡಿತದಿಂದ ಇಳಿದವನೇ ಅವರ ಪಾಲಿಗೆ ಮೇಲು. ನಾರ್ವೆಯ ಕ್ರೀಡಾಭಿಮಾನಿಗಳಿಗೆ ಇದು ರುಚಿಸಲಿಲ್ಲ. ಎತ್ತರದಿಂದ ಜಿಗಿಯುವುದು, ಮಂಡಿ ಬಾಗಿಸಿ ಸೊಗಸಾಗಿ ತಿರುಗುವ ಟೆಲಿಮಾರ್ಕ್, ದೂರದ ಓಟ ಇವೆಲ್ಲವೂ ಅವರ ಹೆಮ್ಮೆಯ ಪರಂಪರೆ. ಆಸ್ಟ್ರಿಯಾದ ಮೂಲೆಯೊಂದರಲ್ಲಿ ಕುಳಿತ ಒಬ್ಬ ಮಾಜಿ ಶಿಕ್ಷಕ ತಮ್ಮ ಹಲಗೆಗಳನ್ನೇ ಕತ್ತರಿಸಿ ಹೊಸ ಪಂಥ ಕಟ್ಟುವುದೆಂದರೇನು? ಜರ್ಮನ್ ಪರ್ವತಾರೋಹಿಗಳಲ್ಲೂ ಅನೇಕರು ನಾರ್ವೆಯ ಪಕ್ಷ ವಹಿಸಿದರು. ಪತ್ರಿಕೆಗಳಲ್ಲಿ ವರ್ಷಗಟ್ಟಲೆ ವಾಗ್ಯುದ್ಧ ನಡೆಯಿತು. ಇದರಲ್ಲಿ ಝ್ಡಾರ್ಸ್ಕಿಯ ಪಾಲೇನೂ ಕಡಿಮೆಯದಲ್ಲ. ಅವರ ಲೇಖನಿ ಹರಿತವಾಗಿತ್ತು, ನಾಲಗೆ ಇನ್ನೂ ಹರಿತವಾಗಿತ್ತು, ತಮ್ಮ ತಪ್ಪನ್ನು ಒಪ್ಪಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ.

1905ರ ಜನವರಿಯಲ್ಲಿ ನಾರ್ವೆಯಿಂದ ಹಾಸ್ಸಾ ಹಾರ್ನ್ ಲಿಲಿಯನ್‌ಫೆಲ್ಡ್‌ಗೆ ಬಂದಿಳಿದರು. ನಾರ್ವೆಯ ಪರವಾಗಿ ಪರೀಕ್ಷಕರಾಗಿ ಬಂದವರು ಅವರು. ಇಬ್ಬರೂ ಒಟ್ಟಿಗೆ ಮುಕೆನ್‌ಕೋಗೆಲ್ ಬೆಟ್ಟವನ್ನೇರಿ ಇಳಿದರು. ಕಡಿದಾದ ಜಾಗದಲ್ಲಿ ಆತಿಥೇಯರು ನಿರಾಯಾಸವಾಗಿ ತಿರುಗುತ್ತ ಸಾಗಿದ್ದನ್ನು ಕಂಡ ಹಾರ್ನ್, ಇಂಥ ಭೂಮಿಗೆ ಈ ತಂತ್ರವೇ ಸರಿ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಎದುರಾಳಿಯೇ ನೀಡಿದ ಈ ಪ್ರಮಾಣಪತ್ರದಿಂದಲೂ ಜಗಳ ನಿಂತಿತೆಂದು ಭಾವಿಸಬೇಡಿ.

85 ಗೇಟುಗಳ ಸ್ಪರ್ಧೆ

ಅದಾದ ಎರಡು ತಿಂಗಳಲ್ಲಿ, 1905ರ ಮಾರ್ಚ್ 19ರಂದು, ಅದೇ ಮುಕೆನ್‌ಕೋಗೆಲ್ ಬೆಟ್ಟದಲ್ಲಿ ಝ್ಡಾರ್ಸ್ಕಿ ಒಂದು ಸ್ಪರ್ಧೆ ಏರ್ಪಡಿಸಿದರು. 1,248 ಮೀಟರ್ ಎತ್ತರದ ಆ ಬೆಟ್ಟದ ಇಳಿಜಾರಿನಲ್ಲಿ ಕಂಬಗಳನ್ನು ನೆಟ್ಟು 85 ಗೇಟುಗಳನ್ನು ರಚಿಸಲಾಗಿತ್ತು. ಆರಂಭದಿಂದ ಅಂತ್ಯದವರೆಗೆ ಸುಮಾರು 500 ಮೀಟರ್ ಇಳಿತ. ಸ್ಪರ್ಧಿಗಳು 24 ಮಂದಿ, ಅವರಲ್ಲಿ ಒಬ್ಬಾಕೆ ಮಹಿಳೆ. ಪ್ರತಿಯೊಂದು ಗೇಟನ್ನೂ ಹಾದು ಬರಬೇಕು. ಮಾರ್ಗವನ್ನು ತಾನೇ ಆರಿಸಿಕೊಂಡು ನೇರ ಧಾವಿಸುವ ಸ್ವಾತಂತ್ರ್ಯ ಇಲ್ಲಿಲ್ಲ, ಎಲ್ಲಿ ತಿರುಗಬೇಕೆಂದು ಬೆಟ್ಟವೇ ನಿರ್ಧರಿಸುತ್ತದೆ. ಕಾಡಿನಲ್ಲಿ ಮರಗಳು ಮಾಡುವ ಕೆಲಸವನ್ನು ಅಲ್ಲಿ ಕಂಬಗಳು ಮಾಡಿದವು.

ಗೇಟುಗಳ ನಡುವಿನ ಸ್ಕೀ ಸ್ಪರ್ಧೆಗಳ ಇತಿಹಾಸದಲ್ಲಿ ಈ ದಿನವನ್ನು ಮೊದಲ ಮೈಲಿಗಲ್ಲೆಂದು ಗುರುತಿಸಲಾಗುತ್ತದೆ. ಈ ಹಿರಿಮೆಯಲ್ಲಿ ಪಾಲು ಕೇಳುವವರೂ ಇದ್ದಾರೆ. ಇಂಗ್ಲೆಂಡಿನ ಅರ್ನಾಲ್ಡ್ ಲನ್ 1922ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂರೆನ್‌ನಲ್ಲಿ ನಡೆಸಿದ ಸ್ಲಾಲಂ ಸ್ಪರ್ಧೆಯಲ್ಲಿ ಅಂದಚಂದಕ್ಕೆ ಅಂಕವಿಲ್ಲ, ಗಡಿಯಾರವೇ ತೀರ್ಪುಗಾರ ಎಂಬ ನಿಯಮ ನೆಲೆಗೊಂಡಿತು. ಇಂದಿನ ಒಲಿಂಪಿಕ್ ಸ್ಲಾಲಂ ಅದರ ನೇರ ಸಂತಾನ. ನನ್ನ ಮಟ್ಟಿಗೆ ಇದರಲ್ಲಿ ವಿವಾದವೇ ಇಲ್ಲ. ಲನ್ ಕಟ್ಟಿದ್ದು ಕ್ರೀಡೆಯನ್ನು, ಝ್ಡಾರ್ಸ್ಕಿ ನಡೆಸಿದ್ದು ಪರೀಕ್ಷೆಯನ್ನು. ಕಲಿತವನು ನಿಜಕ್ಕೂ ಕಲಿತಿದ್ದಾನೆಯೇ ಎಂದು ತಿಳಿಯುವುದಷ್ಟೇ ಅವರಿಗೆ ಬೇಕಿತ್ತು.

ಸ್ವದೇಶದಲ್ಲೇ ಅವರಿಗೆ ಪ್ರಬಲ ಪ್ರತಿಸ್ಪರ್ಧಿಯೊಬ್ಬರು ಹುಟ್ಟಿಕೊಂಡರು. ಸೈನ್ಯಾಧಿಕಾರಿ ಗೆಯೋರ್ಗ್ ಬಿಲ್ಗೆರಿ ನಾರ್ವೆಯ ಎರಡು ಕೋಲುಗಳನ್ನೂ ಲಿಲಿಯನ್‌ಫೆಲ್ಡ್‌ನ ತಿರುವುಗಳನ್ನೂ ಬೆಸೆದು ಹೊಸ ಪದ್ಧತಿ ರೂಪಿಸಿ, 1910ರಲ್ಲಿ ಪುಸ್ತಕವನ್ನೂ ಪ್ರಕಟಿಸಿದರು. ಝ್ಡಾರ್ಸ್ಕಿ ಅದನ್ನು ತೀವ್ರವಾಗಿ ಖಂಡಿಸಿದರು. ಕುಪಿತರಾದ ಬಿಲ್ಗೆರಿ ದ್ವಂದ್ವಯುದ್ಧಕ್ಕೇ ಆಹ್ವಾನ ಕಳುಹಿಸಿದರು! ಪುಣ್ಯಕ್ಕೆ ಅದು ನಡೆಯಲಿಲ್ಲ. ಕಾಲ ಬಿಲ್ಗೆರಿಯ ಪಕ್ಷಕ್ಕೇ ನಿಂತಿತೆನ್ನಬೇಕು. ಇಂದು ಎಲ್ಲರ ಕೈಯಲ್ಲೂ ಎರಡು ಕೋಲುಗಳಿವೆ.

ಬಿಳಿಯ ಸಾವು

1914ರಲ್ಲಿ ಮಹಾಯುದ್ಧ ಆರಂಭವಾಯಿತು. 1915ರ ಮೇ ತಿಂಗಳಲ್ಲಿ ಇಟಲಿಯೂ ಆಸ್ಟ್ರಿಯಾದ ವಿರುದ್ಧ ರಣರಂಗಕ್ಕಿಳಿದಾಗ, ಯುದ್ಧ ಆಲ್ಪ್ಸ್ ಶಿಖರಗಳನ್ನೇರಿತು. ಎರಡು, ಮೂರು ಸಾವಿರ ಮೀಟರ್ ಎತ್ತರದಲ್ಲಿ ಲಕ್ಷಾಂತರ ಸೈನಿಕರು ಬಂಕರುಗಳಲ್ಲಿ, ಮರದ ಶೆಡ್‌ಗಳಲ್ಲಿ ಚಳಿಗಾಲ ಕಳೆಯಬೇಕಾಯಿತು. ಅವರಲ್ಲಿ ಬಹಳಷ್ಟು ಮಂದಿ ಬಯಲು ನಾಡಿನ ರೈತರ ಮಕ್ಕಳು. ಯಾವ ಇಳಿಜಾರಿನ ಕೆಳಗೆ ಡೇರೆ ಹಾಕಬಾರದು, ಯಾವ ಹೊತ್ತಿನಲ್ಲಿ ಕಣಿವೆ ದಾಟಬಾರದು ಎಂಬ ಅರಿವು ಅವರಿಗಿರಲಿಲ್ಲ. ಶತ್ರುವಿನ ಗುಂಡಿಗಿಂತ ಹಿಮವೇ ಭೀಕರವಾಯಿತು.

ಹಿಮಕುಸಿತ ಹೇಗಾಗುತ್ತದೆ? ಬೆಟ್ಟದ ಮೇಲೆ ಹಿಮ ಒಂದೇ ರಾಶಿಯಾಗಿ ಕೂರುವುದಿಲ್ಲ, ಬೇರೆ ಬೇರೆ ದಿನಗಳಲ್ಲಿ ಬಿದ್ದ ಹಿಮ ಪದರ ಪದರವಾಗಿ ನಿಲ್ಲುತ್ತದೆ. ಕೆಳಗಿನ ಪದರವೊಂದು ದುರ್ಬಲವಾಗಿದ್ದು, ಅದರ ಮೇಲೆ ಗಾಳಿ ತಂದು ಪೇರಿಸಿದ ಗಟ್ಟಿ ಪದರ ಕುಳಿತಾಗ ಅಪಾಯ ಹೊಂಚಿರುತ್ತದೆ. 30ರಿಂದ 45 ಡಿಗ್ರಿ ಇಳಿಜಾರುಗಳಲ್ಲೇ ಇದು ಹೆಚ್ಚು. ಒಬ್ಬನ ತೂಕವೇ ಸಾಕು, ಇಡೀ ಹಾಸು ಬಿರುಕುಬಿಟ್ಟು ಜಾರತೊಡಗುತ್ತದೆ. ದುರದೃಷ್ಟವೆಂದರೆ ಸ್ಕೀಗೆ ಅತ್ಯಂತ ಸೊಗಸಾದ ಇಳಿಜಾರುಗಳೂ ಇವೇ. ಹರಿಯುವಾಗ ನೀರಿನಂತಿರುವ ಈ ಹಿಮ ನಿಂತೊಡನೆ ಕಾಂಕ್ರೀಟಿನಂತೆ ಬಿಗಿದುಕೊಳ್ಳುತ್ತದೆ. ಒಳಗೆ ಸಿಕ್ಕವನಿಗೆ ಬೆರಳನ್ನೂ ಅಲುಗಿಸಲಾಗದು.

ಝ್ಡಾರ್ಸ್ಕಿ ಸೈನ್ಯಕ್ಕೆ ಪರ್ವತ ತರಬೇತುದಾರರಾಗಿ ಸೇರಿದರು. ಸೈನಿಕರಿಗೆ ಸ್ಕೀ ಕಲಿಸುವುದು, ಹಿಮದ ಗುಣವನ್ನು ಓದುವುದನ್ನು ಕಲಿಸುವುದು, ಅಪಾಯದ ಜಾಗಗಳ ಬಗ್ಗೆ ಅಧಿಕಾರಿಗಳನ್ನು ಎಚ್ಚರಿಸುವುದು ಅವರ ಕೆಲಸ. 1916ರ ಫೆಬ್ರವರಿ 28ರಂದು, ಅರವತ್ತು ತುಂಬಿ ಮೂರೇ ದಿನಗಳಾಗಿದ್ದಾಗ, ಹಿಮದಡಿ ಸಿಲುಕಿದ ಸೈನಿಕರ ರಕ್ಷಣೆಗೆ ಅವರು ತೆರಳಿದ್ದರು. ಆಗ ಮತ್ತೊಂದು ಹಿಮಕುಸಿತ ಅವರ ಮೇಲೆಯೇ ಎರಗಿತು.

ಬದುಕಿ ಹೊರಬಂದದ್ದೇ ಸೋಜಿಗ. ದೇಹದಲ್ಲಿ ಸುಮಾರು 80 ಕಡೆ ಮೂಳೆ ಮುರಿದಿತ್ತು ಅಥವಾ ಕೀಲು ತಪ್ಪಿತ್ತು. ಬೆನ್ನುಹುರಿಯ ಎಲುಬುಗಳೂ ಜರುಗಿದ್ದವು. ಹಿಮ ತನ್ನನ್ನು ಹೊತ್ತೊಯ್ದ ಬಗೆಯನ್ನೂ, ಹರಿವು ನಿಂತ ಗಳಿಗೆಯಲ್ಲಿ ಸುತ್ತಲಿನ ಒತ್ತಡ ಏರಿ ದೇಹ ನಜ್ಜುಗುಜ್ಜಾದ ಅನುಭವವನ್ನೂ ಅವರು ಮುಂದೆ ದಾಖಲಿಸಿದರು. ತನ್ನ ಮೇಲಾಗುತ್ತಿದ್ದುದನ್ನು ಪ್ರಯೋಗಾಲಯದಲ್ಲಿ ಕುಳಿತವರಂತೆ ಗಮನಿಸಿ ಬರೆದ ಆ ವಿವರಣೆ ಹಿಮಕುಸಿತ ಸಾಹಿತ್ಯದಲ್ಲಿ ಪ್ರಸಿದ್ಧವಾಗಿದೆ.

ಅವರು ಆಸ್ಪತ್ರೆಯಲ್ಲಿದ್ದ ವರ್ಷವೇ, ಡಿಸೆಂಬರ್ 13ರಂದು, ಮಾರ್ಮೊಲಾಡಾ ಪರ್ವತದಲ್ಲಿ ಆಸ್ಟ್ರಿಯಾದ ಸೇನಾ ಶಿಬಿರವೊಂದರ ಮೇಲೆ ಹಿಮ ಕುಸಿದು ಸುಮಾರು 270 ಸೈನಿಕರು ಮಡಿದರು. ಇಡೀ ಯುದ್ಧದಲ್ಲಿ ಆ ರಂಗದಲ್ಲಿ ಹಿಮಕ್ಕೆ ಬಲಿಯಾದವರು ಸಾವಿರಾರು ಮಂದಿ.

ಸರಿಯಾಗಿ ನೂರು ವರ್ಷಗಳ ನಂತರ, 2016ರ ಫೆಬ್ರವರಿ 3ರಂದು, ಸಿಯಾಚಿನ್‌ನಲ್ಲಿ ನಮ್ಮ ಸೈನಿಕರ ಮೇಲೆ ಹಿಮ ಎರಗಿದ್ದನ್ನು ಕನ್ನಡಿಗರು ಮರೆಯುವಂತಿಲ್ಲ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತವಾಗಿ ಹೊರಬಂದರು. ಫೆಬ್ರವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ರಾಜ್ಯದ ಮನೆಮನೆಗಳಲ್ಲಿ ಪ್ರಾರ್ಥನೆ ನಡೆದ ಆ ದಿನಗಳಲ್ಲಿ, ಹಿಮ ಎಂದರೆ ಚಿತ್ರಪಟದ ಚೆಲುವು ಎಂದಷ್ಟೇ ತಿಳಿದಿದ್ದ ನಮಗೆ ಅದರ ಇನ್ನೊಂದು ಮುಖ ಕಂಡಿತು.

ಮತ್ತೆ ಹಲಗೆಯ ಮೇಲೆ

ಝ್ಡಾರ್ಸ್ಕಿ ಇನ್ನು ನಡೆದಾಡುವುದೇ ಅನುಮಾನವಾಗಿತ್ತು. ಹಿಂದೆ ಬೈಂಡಿಂಗ್‌ಗಳನ್ನು ರೂಪಿಸಿದ್ದ ತಾಳ್ಮೆ ಈಗ ಅವರ ಸ್ವಂತ ದೇಹದ ರಿಪೇರಿಗೆ ತೊಡಗಿತು. ತಮಗೆ ಬೇಕಾದ ಉಪಕರಣಗಳನ್ನು ತಾವೇ ವಿನ್ಯಾಸಗೊಳಿಸಿ, ವ್ಯಾಯಾಮಕ್ರಮವನ್ನು ತಾವೇ ರಚಿಸಿಕೊಂಡು, ವರ್ಷಗಳ ಕಾಲ ಪಟ್ಟು ಹಿಡಿದು ಅಭ್ಯಾಸ ಮಾಡಿದರು. ಕೊನೆಗೆ ಸ್ಕೀ ಮೇಲೂ ನಿಂತರು. ನೋವು ಮಾತ್ರ ಕಡೆಯತನಕ ಜೊತೆಗಿತ್ತು.

1929ರಲ್ಲಿ ಹಿಮಕುಸಿತ ವಿಜ್ಞಾನವನ್ನು ಕುರಿತ ಅವರ ಕೃತಿ ಪ್ರಕಟವಾಯಿತು. ಹಿಮಕುಸಿತವನ್ನು ದೈವಕೋಪವೆಂದು ನೋಡದೆ, ಕಾರಣ ಕಾರ್ಯಗಳುಳ್ಳ ವಿದ್ಯಮಾನವಾಗಿ ಕಂಡು, ಎಚ್ಚರವಹಿಸುವ ಬಗೆಯನ್ನು ತಿಳಿಸಲು ಯತ್ನಿಸಿದ ಆರಂಭಿಕ ಬರಹಗಳಲ್ಲಿ ಅದೂ ಒಂದು. ಆಗಿನ್ನೂ ರೇಡಿಯೋ ಯಂತ್ರಗಳಿರಲಿಲ್ಲ. ಸೊಂಟಕ್ಕೆ ಕಟ್ಟಿದ ಉದ್ದನೆಯ ಕೆಂಪು ದಾರವನ್ನು ಹಿಂದೆ ಎಳೆದುಕೊಂಡು ಹೋಗುವುದು, ಹೂತುಹೋದರೆ ದಾರದ ತುದಿಯಾದರೂ ಮೇಲೆ ಕಂಡೀತೆಂದು ಆಶಿಸುವುದು, ಅಷ್ಟೇ ಅಂದಿನ ರಕ್ಷಣೆ.

ಅವರ ಇನ್ನೊಂದು ಕಾಣಿಕೆ ಬಹು ಸರಳವಾದದ್ದು. ಬಿರುಗಾಳಿಯಲ್ಲಿ ಸಿಕ್ಕಿಬಿದ್ದ ಇಬ್ಬರು ಒಟ್ಟಿಗೆ ತಲೆಯ ಮೇಲಿಂದ ಹೊದ್ದು ಕೂರಬಹುದಾದ ಬಟ್ಟೆಯ ಚೀಲ ಅದು. ಕಂಬ ಬೇಡ, ಗೂಟ ಬೇಡ, ಮಡಚಿದರೆ ಬೆನ್ನಚೀಲದ ಮೂಲೆಯಲ್ಲಿ ಅಡಗುತ್ತದೆ. ಜರ್ಮನ್ ಭಾಷೆಯ ಪರ್ವತಾರೋಹಿಗಳು ಅದನ್ನು ಇಂದಿಗೂ ಝ್ಡಾರ್ಸ್ಕಿ ಚೀಲವೆಂದೇ ಕರೆಯುತ್ತಾರೆ. ಅವರ ಹೆಸರು ನಿತ್ಯದ ಮಾತಿನಲ್ಲಿ ಉಳಿದಿರುವುದು ಸ್ಪರ್ಧೆಯಿಂದಲ್ಲ, ಈ ಚೀಲದಿಂದ.

1936ರ ಗಾರ್ಮಿಶ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆಲ್ಪೈನ್ ಸ್ಕೀಯಿಂಗ್ ಮೊದಲ ಬಾರಿಗೆ ಸೇರ್ಪಡೆಯಾದಾಗ ಅವರಿಗೆ ಎಂಬತ್ತು ತುಂಬಲು ಕೆಲವೇ ದಿನಗಳಿದ್ದವು. 1940ರ ಜೂನ್ 20ರಂದು ಸೇಂಟ್ ಪೋಲ್ಟನ್‌ನಲ್ಲಿ ನಿಧನರಾದರು. ಹಾಬರ್ನ್‌ರೈಟ್‌ನ ತಮ್ಮ ತೋಟದಲ್ಲೇ ಮಣ್ಣಾದರು. ಲಿಲಿಯನ್‌ಫೆಲ್ಡ್‌ನಲ್ಲಿ ಅವರ ನೆನಪಿನ ಸಂಗ್ರಹಾಲಯವಿದೆ.

ಒಂಟಿ ಕೋಲು ಮಾತ್ರ ಆಲ್ಪ್ಸ್‌ನಿಂದ ಮರೆಯಾಯಿತು. ಅದನ್ನು ಕಾಣಬೇಕಾದರೆ ಈಗ ಜಪಾನಿಗೆ ಹೋಗಬೇಕು. 1902ರ ಜನವರಿಯಲ್ಲಿ ಹಕ್ಕೋಡಾ ಪರ್ವತದಲ್ಲಿ ಕವಾಯತಿಗೆ ಹೊರಟ 210 ಜಪಾನಿ ಸೈನಿಕರಲ್ಲಿ 199 ಮಂದಿ ಹಿಮದಲ್ಲಿ ಸತ್ತಿದ್ದರು. ಆ ಆಘಾತದ ನೆನಪು ಇನ್ನೂ ಹಸಿಯಾಗಿದ್ದಾಗ ಅಲ್ಲಿಗೆ ಬಂದ ಆಸ್ಟ್ರಿಯಾದ ಮೇಜರ್ ಥಿಯೋಡರ್ ಫಾನ್ ಲೆರ್ಖ್ ಝ್ಡಾರ್ಸ್ಕಿಯ ಶಿಷ್ಯ. 1911ರ ಜನವರಿ 12ರಂದು ತಕಾದಾ ಎಂಬ ಊರಿನಲ್ಲಿ ಅವರು ಜಪಾನಿ ಅಧಿಕಾರಿಗಳಿಗೆ ಲಿಲಿಯನ್‌ಫೆಲ್ಡ್ ಪದ್ಧತಿಯನ್ನು ಕಲಿಸಲಾರಂಭಿಸಿದರು. ಜಪಾನಿನಲ್ಲಿ ಸ್ಕೀಯಿಂಗ್ ಬೇರೂರಿದ್ದು ಅಲ್ಲಿಂದ. ಆ ಊರು ಈಗ ಜೊಯೆತ್ಸು ನಗರದ ಭಾಗ. ಪ್ರತಿವರ್ಷ ಫೆಬ್ರವರಿಯಲ್ಲಿ ಅಲ್ಲಿ ಲೆರ್ಖ್ ಉತ್ಸವ ನಡೆಯುತ್ತದೆ. ಹಳೆಯ ಕಾಲದ ಉಡುಪು ತೊಟ್ಟ ಸ್ಥಳೀಯರು ಉದ್ದನೆಯ ಒಂದೇ ಕೋಲು ಹಿಡಿದು, ನಿಧಾನವಾಗಿ ತಿರುಗುತ್ತ, ಕಾನಯಾ ಗುಡ್ಡದಿಂದ ಇಳಿದು ಬರುತ್ತಾರೆ.